ವಿಮಾನ ಇಳಿಯುವ ಹೊತ್ತು: ನನ್ನ ಲೆಕ್ಕ, ನನ್ನ ಅನುಭವ

ಗಿರಾಕಿಗಳನ್ನು ಕರೆತರಲು ಬೆಂಗಳೂರು ವಿಮಾನ ನಿಲ್ದಾಣಕ್ಕೆ ಕಾರು ಕಳಿಸುವುದು ನನ್ನ ಕೆಲಸ. ವಿಮಾನಗಳ ವೇಳಾಪಟ್ಟಿಯನ್ನು ಪಕ್ಕಕ್ಕಿಟ್ಟು ದೂರದ ಲೆಕ್ಕದ ಮೇಲೆ ಕಾರು ಕಳಿಸುತ್ತೇನೆ ಎಂದಾಗ ನಮ್ಮ ಚಾಲಕರೇ ನಂಬಲಿಲ್ಲ. "ಆಕಾಶದ ಲೆಕ್ಕ ನಮಗೇಕೆ ಸಾರ್?" ಎಂದರು. ಈಗ ದೇವನಹಳ್ಳಿಯಲ್ಲಿ ನಮ್ಮ ಕಾರುಗಳು ಕಾಯುವ ಹೊತ್ತು ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ.

ದುಡ್ಡು ಸೋರುತ್ತಿದ್ದುದೇ ಅಲ್ಲಿ. ಮುಂಬೈಯಿಂದ ಬರುವ ವಿಮಾನಕ್ಕೆ ವೇಳಾಪಟ್ಟಿ ಒಂದೂಮುಕ್ಕಾಲು ಗಂಟೆಯೋ ಅದಕ್ಕೂ ಹೆಚ್ಚೋ ಹೇಳುತ್ತದೆ. ಗಾಳಿಯಲ್ಲಿರುವುದು ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ. ಒಂದು ದಿನ ಗಿರಾಕಿ ಬಂದು ನಿಂತಿರುತ್ತಾರೆ, ಕಾರಿಲ್ಲ. ಮರುದಿನ ಕಾರು ನಿಂತಿರುತ್ತದೆ, ಗಿರಾಕಿ ಇಲ್ಲ. ಪಾರ್ಕಿಂಗ್ ಶುಲ್ಕ, ಚಾಲಕರ ಭತ್ಯೆ ಎಂದು ತಿಂಗಳಿಗೆ ಹದಿನೈದು, ಇಪ್ಪತ್ತು ಸಾವಿರ ಹೋಗುತ್ತಿತ್ತು. ಒಂದು ಕಂಪನಿಯ ಗುತ್ತಿಗೆಯೂ ಕೈತಪ್ಪಿತು. ದೂರವನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸುವ ಲೆಕ್ಕವೂ ನಿಲ್ಲಲಿಲ್ಲ. ಆ ಪ್ರಕಾರ 305 ಕಿ.ಮೀ. ದೂರದ ಮಂಗಳೂರಿನಿಂದ ಇಪ್ಪತ್ತೇ ನಿಮಿಷಕ್ಕೆ ಬರಬೇಕು! ಏರುವುದಕ್ಕೆ, ಇಳಿಯುವುದಕ್ಕೆ ಹೊತ್ತು ಬೇಡವೇ?

ಕೊನೆಗೆ ಕೈಹಿಡಿದದ್ದು ಇದು: ಕಿಲೋಮೀಟರನ್ನು ಹದಿಮೂರೂವರೆಯಿಂದ ಭಾಗಿಸಿ, ಬಂದ ನಿಮಿಷಗಳಿಗೆ ಇಪ್ಪತ್ತು ಕೂಡಿಸಬೇಕು. ರೆಕ್ಕೆಯ ಮೇಲೆ ಪಂಕ ತಿರುಗುವ ಚಿಕ್ಕ ವಿಮಾನ ಎಟಿಆರ್ ಆದರೆ ಭಾಗಿಸುವುದು ಎಂಟರಿಂದ. ದೆಹಲಿಯನ್ನು ನೋಡಿ. ಎರಡು ನಿಲ್ದಾಣಗಳೂ ಸುಮಾರು 77 ಡಿಗ್ರಿ ರೇಖಾಂಶದಲ್ಲಿರುವುದರಿಂದ ಅಕ್ಷಾಂಶದ ವ್ಯತ್ಯಾಸವೇ ಸಾಕು: 28.5ರಲ್ಲಿ 13.2 ಕಳೆದರೆ 15.3, ಡಿಗ್ರಿಗೆ 111 ಕಿ.ಮೀ.ಯಂತೆ 1,700. ಭಾಗಿಸಿದರೆ 126, ಇಪ್ಪತ್ತು ಕೂಡಿಸಿದರೆ ಎರಡು ಗಂಟೆ ಇಪ್ಪತ್ತಾರು ನಿಮಿಷ. ಐದು ನಿಮಿಷ ಆಚೀಚೆ, ಅಷ್ಟೇ.

ಇದನ್ನು ಕೂಡಿಸಬೇಕಾದದ್ದು ವಿಮಾನ ನೆಲ ಬಿಟ್ಟ ಸಮಯಕ್ಕೆ, ಗೇಟು ಬಿಟ್ಟ ಸಮಯಕ್ಕಲ್ಲ. ದೆಹಲಿಯಲ್ಲಿ ಇವೆರಡರ ನಡುವೆಯೇ ಇಪ್ಪತ್ತು ನಿಮಿಷ ಕಳೆಯುವುದುಂಟು. ಬಹಳ ಜನ ಎಡವುವುದು ಇಲ್ಲಿಯೇ.

ಮಳೆಗಾಲದ ಪಡುವಣ ಗಾಳಿಗೆ ಎದುರಾಗಿ ಇಳಿಯಬೇಕಾದ್ದರಿಂದ ಮುಂಬೈಯಿಂದ ಬರುವ ವಿಮಾನವು ದೇವನಹಳ್ಳಿಯ ನಿಲ್ದಾಣವನ್ನು ದಾಟಿ ಕೋಲಾರದ ಕಡೆಗೆ ಹೋಗಿ ತಿರುಗಿ ಬರುತ್ತದೆ. ಆಗ ಏಳೆಂಟು ನಿಮಿಷ ಹೆಚ್ಚು. ಚಳಿಗಾಲದಲ್ಲಿ ದೊಡ್ಡಬಳ್ಳಾಪುರದ ಕಡೆಯಿಂದ ನೇರವಾಗಿ ಇಳಿಯುತ್ತದೆ. ದುಬೈಯದು ಬೇರೆಯೇ ಕಥೆ. ಸುಮಾರು 2,700 ಕಿ.ಮೀ.; ಬರುವಾಗ ಮೇಲಿನ ಗಾಳಿ ಬೆನ್ನಿಗಿದ್ದರೆ ಮೂರೂವರೆ ಗಂಟೆ, ಹೋಗುವಾಗ ನಾಲ್ಕರ ಹತ್ತಿರ.

ಮಗಳ ಭೂಗೋಲದ ಮೇಲೆ ದಾರ ಎಳೆದೂ ಅಳೆದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರವನ್ನು ಬಿಗಿಯಾಗಿ ಹಿಡಿದರೆ ಅದು ಉತ್ತರ ಧ್ರುವದ ಹತ್ತಿರ ಹಾಯುತ್ತದೆ. ಭೂಮಿಯ ಸುತ್ತಳತೆ 40,000 ಕಿ.ಮೀ. ಎಂದು ಹಿಡಿದು ಲೆಕ್ಕ ಹಾಕಿದರೆ ಸುಮಾರು 14,000. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಇಲ್ಲಿಗೆ ನೇರ ವಿಮಾನ ತಂದದ್ದು ಇದೇ ಧ್ರುವದ ದಾರಿಯಲ್ಲಿ.

ಇಳಿದ ಮೇಲೆ ಬ್ಯಾಗ್ ಕೈಗೆ ಬರಲು ಎಷ್ಟು ಹೊತ್ತು ಎನ್ನುವುದಕ್ಕೂ, ಡಿಸೆಂಬರಿನ ಬೆಳಗಿನ ಮಂಜಿಗೂ ನನ್ನ ಬಳಿ ಬೇರೆ ಸೂತ್ರಗಳಿವೆ. ಅವು ನನ್ನ ಹೊಟ್ಟೆಪಾಡಿನವು, ಇಲ್ಲಿ ಬರೆಯುವುದಿಲ್ಲ.