ಬೆಟ್ಟದೂರಿನಲ್ಲಿ ಆರು ತಿಂಗಳು: ಊರು ಆರಿಸುವುದು ಹೇಗೆ?

ಹೊರದೇಶದ ಬೆಟ್ಟದೂರೊಂದರಲ್ಲಿ ಮೂರು ತಿಂಗಳೋ ಆರು ತಿಂಗಳೋ ಇದ್ದು ಬರಬೇಕೆಂದು ಹೊರಡುವವರಲ್ಲಿ ಹೆಚ್ಚಿನವರು ಶಿಖರದ ಚಿತ್ರ ನೋಡಿ ಊರು ಗೊತ್ತುಮಾಡುತ್ತಾರೆ. ಒಂದು ವಾರದ ಪ್ರವಾಸಕ್ಕಾದರೆ ಅಷ್ಟು ಸಾಕು. ದೀರ್ಘಕಾಲ ಇರುವವರು ಬೆಟ್ಟ ಹತ್ತುವುದು ವಾರಕ್ಕೆ ಹೆಚ್ಚೆಂದರೆ ಎರಡು ದಿನ. ಉಳಿದ ಐದು ದಿನ ಅಡುಗೆ, ಬಟ್ಟೆ ಒಗೆಯುವುದು, ಕೆಲಸ, ನೆಗಡಿ ಬಂದರೆ ಔಷಧಿ ಅಂಗಡಿ. ಆ ಐದು ದಿನಕ್ಕೆ ಹೊಂದುವ ಊರನ್ನು ಹುಡುಕುವುದೇ ನಿಜವಾದ ಕೆಲಸ.

ಮೊದಲು ದಿನಗಳ ಲೆಕ್ಕ

ಊರಿನ ಹೆಸರು ಬರೆಯುವ ಮೊದಲು, ನಿಮ್ಮ ಪಾಸ್‌ಪೋರ್ಟಿಗೆ ಯಾವ ದೇಶ ಎಷ್ಟು ದಿನ ಕೊಡುತ್ತದೆ ಎಂದು ಬರೆದುಕೊಳ್ಳಿ. ತಮ್ಮೊಳಗಿನ ಗಡಿಗಳಲ್ಲಿ ತಪಾಸಣೆ ಕೈಬಿಟ್ಟಿರುವ ಯುರೋಪಿನ ಷೆಂಗೆನ್ ಒಕ್ಕೂಟದ 29 ದೇಶಗಳಿಗೂ ಸೇರಿ ಒಂದೇ ಲೆಕ್ಕ: ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ. ಆಲ್ಪ್ಸ್ ಪರ್ವತಗಳನ್ನು ಹಂಚಿಕೊಂಡಿರುವ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ, ಆಸ್ಟ್ರಿಯ, ಸ್ಲೊವೇನಿಯ ಎಲ್ಲವೂ ಇದರೊಳಗಿವೆ. ಫ್ರಾನ್ಸಿನ ಶಾಮೊನಿಯಲ್ಲಿ 90 ದಿನ ಮುಗಿಸಿ ಆಸ್ಟ್ರಿಯದ ಇನ್ಸ್‌ಬ್ರುಕ್‌ಗೆ ಹೋದರೆ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. ನೇಪಾಳದ ಪ್ರವಾಸಿ ವೀಸಾದಲ್ಲಿ ಒಂದು ಕ್ಯಾಲೆಂಡರ್ ವರ್ಷಕ್ಕೆ 150 ದಿನ ಮಿತಿ. ಜಾರ್ಜಿಯ ಹಲವು ದೇಶಗಳವರಿಗೆ ವೀಸಾ ಇಲ್ಲದೆಯೇ ಒಂದು ವರ್ಷ ಇರಲು ಬಿಡುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ದೇಶ ಇದೆಯೇ ಎಂಬುದೊಂದೇ ಪ್ರಶ್ನೆ.

ಇಲ್ಲಿ ಹಳೆಯ ಸಲಹೆಯನ್ನು ನಂಬಬಾರದು. ಬಲ್ಗೇರಿಯದ ಪಿರಿನ್ ಪರ್ವತದ ಬುಡದಲ್ಲಿರುವ ಬಾನ್ಸ್ಕೊವನ್ನು ತೆಗೆದುಕೊಳ್ಳಿ. ಆಲ್ಪ್ಸ್‌ನಲ್ಲಿ 90 ದಿನ ಕಳೆದವರು ಮುಂದಿನ ಮೂರು ತಿಂಗಳಿಗೆ ಅಲ್ಲಿಗೆ ಹೋಗಿ ಕೂರುತ್ತಿದ್ದರು, ಏಕೆಂದರೆ ಅದು ಷೆಂಗೆನ್ ಹೊರಗಿತ್ತು. 2025ರ ಜನವರಿ 1ರಂದು ಬಲ್ಗೇರಿಯ ಪೂರ್ತಿಯಾಗಿ ಒಳಗೆ ಬಂದಿತು, ಉಪಾಯವೂ ಅಲ್ಲಿಗೆ ಮುಗಿಯಿತು. 2026ರಿಂದ ಅಲ್ಲಿ ನಡೆಯುವ ಹಣವೂ ಯೂರೊ. ಎರಡು ವರ್ಷ ಹಿಂದೆ ಹೋಗಿಬಂದವರ ಮಾತನ್ನು ಕೇಳಿಸಿಕೊಳ್ಳಿ, ನಿಯಮವನ್ನು ಮಾತ್ರ ರಾಯಭಾರ ಕಚೇರಿಯಲ್ಲೇ ಕೇಳಿ. ಪ್ರವಾಸಿ ವೀಸಾದಲ್ಲಿದ್ದುಕೊಂಡು ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಬಹುದೇ ಎಂಬುದನ್ನೂ ಆಗಲೇ ಕೇಳಿಬಿಡಿ. 183 ದಿನ ದಾಟಿದರೆ ಹಲವು ದೇಶಗಳಲ್ಲಿ ತೆರಿಗೆಯ ಪ್ರಶ್ನೆ ಏಳುತ್ತದೆ.

ಆಮೇಲೆ ಅತಿ ಕೆಟ್ಟ ತಿಂಗಳು

ಪ್ರತಿ ಬೆಟ್ಟದೂರಿಗೂ ಒಂದು ಕೆಟ್ಟ ತಿಂಗಳಿದೆ. ಪ್ರವಾಸೋದ್ಯಮ ಇಲಾಖೆಗಳು ಅದನ್ನು ಜಾಹೀರಾತಿನಲ್ಲಿ ಹಾಕುವುದಿಲ್ಲ, ನೀವೇ ಹುಡುಕಬೇಕು.

ಥಾಯ್ಲೆಂಡಿನ ಚಿಯಾಂಗ್ ಮಾಯ್ ಅಗ್ಗದ, ಅನುಕೂಲದ ಊರು. ಊರಂಚಿನಲ್ಲೇ 1,676 ಮೀಟರ್ ಎತ್ತರದ ದೋಯ್ ಸುಥೇಪ್ ನಿಂತಿದೆ. ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಹೊಲಗಳಿಗೂ ಕಾಡಿಗೂ ಬಿದ್ದ ಬೆಂಕಿಯ ಹೊಗೆ ಕಣಿವೆಯಲ್ಲಿ ತುಂಬಿಕೊಂಡು, ಎದುರಿಗಿರುವ ಆ ಬೆಟ್ಟವೇ ಕಾಣದ ದಿನಗಳು ಬರುತ್ತವೆ. ಕಜಕಸ್ತಾನದ ಅಲ್ಮಾಟಿಯಲ್ಲಿ ಇದೇ ತೊಂದರೆ ಚಳಿಗಾಲಕ್ಕೆ. ತಣ್ಣನೆಯ ಗಾಳಿ ಭಾರವಾಗಿ ಕೆಳಗೆ ಕೂರುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಬಿಗಿಯುತ್ತದೆ. ಕಲ್ಲಿದ್ದಲಿನ ಹೊಗೆ, ವಾಹನಗಳ ಹೊಗೆ ಎರಡೂ ಅದರಡಿ ಸಿಕ್ಕಿಬೀಳುತ್ತವೆ. ಊರ ಮೇಲಿನ ಶಿಂಬುಲಾಕ್ ಸ್ಕೀ ತಾಣಕ್ಕೆ ಹೋದರೆ ಹೊಳೆಯುವ ಬಿಸಿಲು. ಕೆಳಗೆ ನೋಡಿದರೆ ನಿಮ್ಮ ಬಾಡಿಗೆ ಮನೆ ಬೂದುಬಣ್ಣದ ಪದರದೊಳಗೆ. ಬಟ್ಟಲಿನಾಕಾರದ ಕಣಿವೆಯಲ್ಲಿ ಎಲ್ಲೇ ಊರಿದ್ದರೂ ಈ ಅನುಮಾನ ಇಟ್ಟುಕೊಂಡೇ ನೋಡಬೇಕು. ವಾರ್ಷಿಕ ಸರಾಸರಿ ನೋಡಿ ಪ್ರಯೋಜನವಿಲ್ಲ. ಹಿಂದಿನ ವರ್ಷದ ಅತಿ ಕೆಟ್ಟ ತಿಂಗಳಿನ ಪಿಎಂ 2.5 (ಗಾಳಿಯಲ್ಲಿನ ಅತಿ ಸಣ್ಣ ಮಾಲಿನ್ಯ ಕಣಗಳು) ಮಟ್ಟವನ್ನು, ಅದರಲ್ಲೂ ಎಲ್ಲರೂ ಒಲೆ ಹೊತ್ತಿಸುವ ಸಂಜೆಯ ಹೊತ್ತಿನದನ್ನು ನೋಡಿ.

ಹೊಗೆ ಇಲ್ಲದ ಕಡೆ ಮೋಡ. ಅನ್ನಪೂರ್ಣ ಸಾಲಿನ ಚಿತ್ರ ನೋಡಿ ಜುಲೈನಲ್ಲಿ ಪೋಖರಾಕ್ಕೆ ಹೋದವರಿಗೆ ಸಿಗುವುದು ಮಳೆ. ಬೆಟ್ಟ ಕಾಣಬೇಕಾದರೆ ಅಕ್ಟೋಬರ್, ನವೆಂಬರ್ ಒಳ್ಳೆಯದು.

ಬಿಸಿಲಿನ ವಿಷಯವನ್ನಂತೂ ಬಹಳ ಮಂದಿ ಯೋಚಿಸುವುದೇ ಇಲ್ಲ. ಕಡಿದಾದ ಕಣಿವೆಯಲ್ಲಿ ಚಳಿಗಾಲದ ಸೂರ್ಯ ಬೆಟ್ಟದ ಹಿಂದೆಯೇ ಉಳಿದುಬಿಡಬಹುದು. ನಾರ್ವೆಯ ರ‍್ಯೂಕನ್ ಎಂಬ ಊರಿಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನೇರ ಬಿಸಿಲು ಬೀಳುವುದಿಲ್ಲ. 2013ರಲ್ಲಿ ಬೆಟ್ಟದ ಮೇಲೆ ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ ಊರಿನ ಚೌಕಕ್ಕೆ ಒಂದಿಷ್ಟು ಬಿಸಿಲು ಇಳಿಸಿಕೊಂಡರು. ನಿಮ್ಮ ಊರಿಗೆ ಕನ್ನಡಿ ಬರುವುದು ಅನುಮಾನ. ಆದ್ದರಿಂದ ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರನ್ನೇ ನೋಡಿ. ಅರ್ಜೆಂಟೀನದ ಬಾರಿಲೋಚೆಯಂಥ ಕಡೆ ಉತ್ತರಕ್ಕೆ ಮುಖ ಮಾಡಿದ್ದನ್ನು. ಸೂರ್ಯನ ದಾರಿ ತೋರಿಸುವ ಆ್ಯಪ್‌ಗಳಿವೆ. ಅತಿ ಚಿಕ್ಕ ಹಗಲಿನ ದಿನವನ್ನು ಹಾಕಿ ನೋಡಿ.

ಬೆಟ್ಟಕ್ಕೆ ಎಷ್ಟು ಹೊತ್ತು, ಆಸ್ಪತ್ರೆಗೆ ಎಷ್ಟು ಹೊತ್ತು

ನಕ್ಷೆಯ ಮೇಲಿನ ಕಿಲೋಮೀಟರ್ ಮರೆತು, ಮನೆಬಾಗಿಲಿನಿಂದ ಕಾಲುದಾರಿ ಶುರುವಾಗುವ ಜಾಗಕ್ಕೆ ಕಾರಿಲ್ಲದೆ ಎಷ್ಟು ನಿಮಿಷ ಎಂದು ಲೆಕ್ಕ ಹಾಕಿ. ಇನ್ಸ್‌ಬ್ರುಕ್ ಇರುವುದು 574 ಮೀಟರ್ ಎತ್ತರದಲ್ಲಿ. ಊರ ನಡುವಿನಿಂದ ಹೊರಡುವ ಹಳಿಬಂಡಿ, ಅಲ್ಲಿಂದ ಮುಂದೆ ಕೇಬಲ್ ಕಾರ್ ಹಿಡಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ 2,200 ಮೀಟರ್ ದಾಟಿರುತ್ತೀರಿ. ಅದೇ ಊರಿನಲ್ಲಿ ವಿಶ್ವವಿದ್ಯಾಲಯವಿದೆ, ದೊಡ್ಡ ಆಸ್ಪತ್ರೆಯಿದೆ. ಬಾಡಿಗೆ ಮಾತ್ರ ದುಬಾರಿ. ಜಾರ್ಜಿಯದ ಮೆಸ್ಟಿಯಾ ಇದಕ್ಕೆ ತದ್ವಿರುದ್ಧ. ಸುಮಾರು 1,500 ಮೀಟರ್ ಎತ್ತರ, ಹೊಸ್ತಿಲು ದಾಟಿದರೆ ಬೆಟ್ಟ. ಆದರೆ ದೊಡ್ಡ ಊರು ಸೇರಲು ಕಣಿವೆಯ ರಸ್ತೆಯಲ್ಲಿ ಗಂಟೆಗಟ್ಟಲೆ ಪ್ರಯಾಣ. ಒಂದು ತಿಂಗಳಿಗೆ ನಾನು ಮೆಸ್ಟಿಯಾ ಎನ್ನುತ್ತೇನೆ, ಆರು ತಿಂಗಳಿಗೆ ಖಂಡಿತ ಅಲ್ಲ. ಹಲ್ಲುನೋವು ಹವಾಮಾನ ನೋಡಿ ಬರುವುದಿಲ್ಲ.

ಭಾನುವಾರದ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದೂ ನೋಡಿಕೊಳ್ಳಿ. ಚಾರಣಕ್ಕೆ ಸಿಗುವ ದಿನವೇ ಬಸ್ಸು ಕಡಿಮೆ.

ಎತ್ತರ

ಎಷ್ಟು ಎತ್ತರವೋ ಅಷ್ಟು ಚೆನ್ನ ಎನ್ನುವುದು ಸರಿಯಲ್ಲ. ಸುಮಾರು 2,500 ಮೀಟರ್‌ನಿಂದ ಮೇಲೆ ಎತ್ತರದ ಕಾಯಿಲೆಯ ಸಾಧ್ಯತೆ ಹೆಚ್ಚುತ್ತದೆ. ಎಕ್ವಡಾರಿನ ಕ್ವೆಂಕಾ 2,560 ಮೀಟರ್‌ನಲ್ಲಿದೆ, ಪೆರುವಿನ ಉವರಾಸ್ 3,000 ದಾಟುತ್ತದೆ. ಮೂರು ಸಾವಿರ ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 70ರಷ್ಟು. ನೀರು 90 ಡಿಗ್ರಿಗೇ ಕುದಿಯುತ್ತದೆ, ಕಾಳು ಬೇಯಲು ಬಹಳ ಹೊತ್ತು ಹಿಡಿಯುತ್ತದೆ, ಮೊದಲ ವಾರ ನಿದ್ದೆಯೂ ಅರೆಬರೆ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೊರಡಬಾರದು. ಮಲಗುವುದಕ್ಕೆ 500ರಿಂದ 1,500 ಮೀಟರ್‌ನೊಳಗಿನ ಊರು, ಓಡಾಡುವುದಕ್ಕೆ ಅದರ ಮೇಲಿನ ಬೆಟ್ಟ: ಹೆಚ್ಚಿನವರಿಗೆ ಒಗ್ಗುವುದು ಇದೇ. ವಿಮೆ ಕೊಳ್ಳುವಾಗ ಎಷ್ಟು ಮೀಟರ್ ಎತ್ತರದವರೆಗೆ ಅನ್ವಯಿಸುತ್ತದೆ, ಹೆಲಿಕಾಪ್ಟರ್ ರಕ್ಷಣೆಯ ಖರ್ಚು ಸೇರಿದೆಯೇ ಎಂಬ ಎರಡು ಸಾಲು ಓದಿದರೆ ಸಾಕು.

ಕೊನೆಗೆ ಮನೆ

ದೂರದಲ್ಲಿ ಕುಳಿತು ಆರು ತಿಂಗಳ ಮುಂಗಡ ಕೊಡಬೇಡಿ. ಎರಡು ವಾರಕ್ಕೆ ಒಂದು ಕೋಣೆ ಹಿಡಿದು, ಸಾಧ್ಯವಾದರೆ ಆ ಕೆಟ್ಟ ತಿಂಗಳಲ್ಲೇ ಹೋಗಿ, ಮನೆಗಳನ್ನು ಸಂಜೆ ಹೊತ್ತಿನಲ್ಲಿ ನೋಡಿ. ಬೀರುವಿನ ಹಿಂದಿನ ಗೋಡೆಯನ್ನು ಅಂಗೈಯಿಂದ ಮುಟ್ಟಿ. ತಣ್ಣಗೆ ಜಿನುಗುತ್ತಿದ್ದರೆ, ಕಿಟಕಿ ಚೌಕಟ್ಟಿನ ಕೆಳಮೂಲೆಯಲ್ಲಿ ಕಪ್ಪು ಚುಕ್ಕೆಗಳಿದ್ದರೆ ಆ ಮನೆ ಚಳಿಗಾಲವೆಲ್ಲ ಬೂಷ್ಟು ಹಿಡಿಯುತ್ತದೆ. ಹೊಸದಾಗಿ ಸುಣ್ಣ ಬಳಿದ ಮೂಲೆಯೊಂದೇ ಬೆಳ್ಳಗಿದ್ದರೂ ಅನುಮಾನಿಸಿ. ಬಿಸಿನೀರಿನ ನಲ್ಲಿಯನ್ನು ಒಂದು ಸ್ನಾನದಷ್ಟು ಹೊತ್ತು ಬಿಟ್ಟು ನೋಡಿ. ಮನೆ ಕಾಯಿಸುವುದು ಸೌದೆಯಿಂದಲೋ ಗ್ಯಾಸಿನಿಂದಲೋ ವಿದ್ಯುತ್ತಿನಿಂದಲೋ, ಆ ಬಿಲ್ಲು ಯಾರದು ಎಂದು ಕೇಳಿ.

ಕರಾರು ಲಿಖಿತದಲ್ಲಿರಲಿ. ಆಸ್ಟ್ರಿಯದಂಥ ದೇಶದಲ್ಲಿ ಮನೆ ಸೇರಿದ ಮೂರು ದಿನದೊಳಗೆ ವಿಳಾಸ ನೋಂದಾಯಿಸಬೇಕು, ಆ ಅರ್ಜಿಗೆ ಮನೆ ಕೊಟ್ಟವರ ಸಹಿ ಬೇಕು. ಸಹಿ ಹಾಕಲು ಹಿಂದೇಟು ಹಾಕುವವರ ಮನೆ ಬೇಡ.

ಊರಿನ ಬಗ್ಗೆ ವಿಚಾರಿಸಬೇಕಾದದ್ದು ನಿಮ್ಮಂತೆಯೇ ಬಂದಿಳಿದವರನ್ನಲ್ಲ, ಔಷಧಿ ಅಂಗಡಿಯವರನ್ನು, ಬಸ್ ಚಾಲಕರನ್ನು. ನವೆಂಬರ್‌ನಲ್ಲಿ ಇಲ್ಲಿ ಏನೇನು ತೆರೆದಿರುತ್ತದೆ ಎಂದು ಕೇಳಿ. ಆಲ್ಪ್ಸ್‌ನ ಸ್ಕೀ ಊರುಗಳಲ್ಲಿ ಮೇ ಮತ್ತು ನವೆಂಬರ್ ತಿಂಗಳಲ್ಲಿ ಹಲವು ಕೇಬಲ್ ಕಾರ್‌ಗಳೂ ಹೋಟೆಲುಗಳೂ ಬಾಗಿಲು ಹಾಕುತ್ತವೆ. ಕೆಲವರಿಗೆ ಅದೇ ಬೇಕಾಗಿರುತ್ತದೆ, ಬಾಡಿಗೆಯೂ ಇಳಿದಿರುತ್ತದೆ. ಆದರೆ ಅಗ್ಗದ ಬಾಡಿಗೆಗೆ ನವೆಂಬರ್‌ನಲ್ಲಿ ಮನೆ ಕೊಟ್ಟವರು ಕ್ರಿಸ್‌ಮಸ್ ವಾರ ಬಂದಾಗ ಅದನ್ನೇ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡಲು ಹವಣಿಸಬಹುದು. ಆ ವಾರ ಮನೆ ಬಿಡಿಸುವುದಿಲ್ಲ ಎಂಬುದನ್ನು ಮುಂಗಡ ಕೊಡುವ ಮೊದಲೇ ಕರಾರಿನಲ್ಲಿ ಬರೆಸಿಕೊಳ್ಳಿ.