ಮೂರು ರನ್ ಸಾಲದು: ದೊಡ್ಡ ಗೋ ಪ್ರಾಜೆಕ್ಟಿನಲ್ಲಿ ಬೆಂಚ್‌ಮಾರ್ಕ್ ನಡೆಸುವ ಕ್ರಮ

ಗೋ ಭಾಷೆಯಲ್ಲಿ ಬರೆದ ಕೋಡಿನ ಒಂದೊಂದು ಭಾಗ ಎಷ್ಟು ವೇಗವಾಗಿ ಓಡುತ್ತದೆ ಎಂದು ಅಳೆಯುವ ಪರೀಕ್ಷೆಯೇ ಬೆಂಚ್‌ಮಾರ್ಕ್. ಹೊಸ ಕೋಡನ್ನು ಅಳೆಯುವ ಮೊದಲು ನಾನು ಹಳೆಯ ಕೋಡನ್ನು ಹಳೆಯ ಕೋಡಿನ ಜೊತೆಗೇ ಹೋಲಿಸುತ್ತೇನೆ. ಒಂದೇ ಕಮಿಟ್‌ನ (ಕೋಡಿನ ದಾಖಲಾದ ಒಂದು ಸ್ಥಿತಿ) ಬೈನರಿಯನ್ನು (ಕಂಪೈಲ್ ಆದ ಪ್ರೋಗ್ರಾಮ್) ಎರಡು ಹೆಸರಿನಲ್ಲಿ ಹತ್ತು ಹತ್ತು ಸಲ ಓಡಿಸಿ, ಫಲಿತಾಂಶಗಳನ್ನು ಹೋಲಿಸುವ ಬೆಂಚ್‌ಸ್ಟ್ಯಾಟ್ ಎಂಬ ಸಾಧನಕ್ಕೆ ಕೊಟ್ಟರೆ ಬಹುತೇಕ ಎಲ್ಲ ಸಾಲಿನಲ್ಲೂ ‘~’ ಗುರುತು ಬರಬೇಕು. ವ್ಯತ್ಯಾಸ ಸಾಬೀತಾಗಿಲ್ಲ ಎಂದು ಅದರರ್ಥ. ಅದರ ಬದಲು ಸಾಲು ಸಾಲಾಗಿ ಶೇ. 6 ನಿಧಾನ ಎಂದು ಬಂದರೆ, ಆ ಮಶೀನಿನ ಮೇಲೆ ಶೇ. 5ರ ಸುಧಾರಣೆಯ ಮಾತನ್ನೇ ಎತ್ತುವಂತಿಲ್ಲ.

ಸಮಯ ಅಳೆಯಲು ಬೇರೆ ಮಶೀನನ್ನೇ ಇಡಬೇಕು. ಹಂಚಿಕೊಂಡ ವರ್ಚುವಲ್ ಮಶೀನಿನಲ್ಲಿ ಪಕ್ಕದವರ ಹೊರೆಯೂ ನಮ್ಮ ಲೆಕ್ಕಕ್ಕೆ ಸೇರುತ್ತದೆ. ಲಿನಕ್ಸ್‌ನಲ್ಲಿ ಸಿಪಿಯು ಗವರ್ನರನ್ನು (ಚಿಪ್‌ನ ವೇಗ ನಿರ್ಧರಿಸುವ ಸೆಟ್ಟಿಂಗ್) ‘ಪರ್ಫಾರ್ಮೆನ್ಸ್’ಗೆ ಇಟ್ಟು, ಟರ್ಬೊ (ಚಿಪ್ ತಾನಾಗಿಯೇ ವೇಗ ಏರಿಸಿಕೊಳ್ಳುವ ಸೌಲಭ್ಯ) ಆಫ್ ಮಾಡುತ್ತೇವೆ. ಟರ್ಬೊ ಆನ್ ಇದ್ದರೆ ಚಿಪ್ ತಣ್ಣಗಿರುವಾಗ ಓಡಿದವರಿಗೆ ಲಾಭ, ಬಿಸಿಯಾದ ಮೇಲೆ ಓಡಿದವರಿಗೆ ನಷ್ಟ. ಹಳೆಯದರ ಹತ್ತು ರನ್ ಮುಗಿಸಿ ಆಮೇಲೆ ಹೊಸದರ ಹತ್ತು ರನ್ ಮಾಡುವುದು ತಪ್ಪಾಗುವುದೂ ಇದರಿಂದಲೇ. ಎರಡೂ ಕಮಿಟ್‌ಗಳ ಟೆಸ್ಟ್ ಬೈನರಿಯನ್ನು ಮೊದಲೇ ಕಟ್ಟಿಟ್ಟುಕೊಂಡು ಹಳೆಯದು, ಹೊಸದು, ಮತ್ತೆ ಹಳೆಯದು ಎಂದು ಸರದಿಯ ಮೇಲೆ ಓಡಿಸಿ.

ಹತ್ತು ಯಾಕೆ? ಬೆಂಚ್‌ಸ್ಟ್ಯಾಟ್ ಬಳಸುವುದು ಮಾನ್-ವಿಟ್ನಿ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆಯನ್ನು. ಎರಡೂ ಕಡೆ ಮೂರು ಮೂರೇ ರನ್ ಇದ್ದರೆ ಅದರಲ್ಲಿ ಸಿಗಬಹುದಾದ ಅತಿ ಚಿಕ್ಕ ಪಿ-ಮೌಲ್ಯವೇ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಬರುವ ಸಂಭವ) 0.1. ಹೊಸ ಕೋಡ್ ಎರಡು ಪಟ್ಟು ವೇಗವಾಗಿದ್ದರೂ ‘ಬದಲಾಗಿದೆ’ ಎನ್ನಲು ಬೇಕಾದ 0.05ರ ಗೆರೆಯ ಕೆಳಗೆ ಇಳಿಯಲು ಸಾಧ್ಯವೇ ಇಲ್ಲ. ಇನ್ನೊಂದು ಕಡೆ, 200 ಬೆಂಚ್‌ಮಾರ್ಕ್ ಇರುವ ಪ್ರಾಜೆಕ್ಟಿನಲ್ಲಿ ಏನೂ ಬದಲಾಗದಿದ್ದರೂ ಸುಮಾರು 10 ಸಾಲುಗಳು ಬರೀ ಆಕಸ್ಮಿಕವಾಗಿ ‘ಬದಲಾಗಿದೆ’ ಎಂದು ತೋರಿಸುತ್ತವೆ. ಹಾಗಾಗಿ ನಿಧಾನವಾಗಿದೆ ಎನ್ನುವ ಕೆಂಪು ಸಾಲು ಕಂಡ ಕೂಡಲೇ ಯಾರನ್ನೂ ಹಿಡಿದು ಕೇಳುವುದಿಲ್ಲ. ಆ ಬೆಂಚ್‌ಮಾರ್ಕನ್ನಷ್ಟೇ 20 ಸಲ ಹೊಸದಾಗಿ ಓಡಿಸಿ, ಆಗಲೂ ಉಳಿದುಕೊಂಡರೆ ಮಾತ್ರ ಟಿಕೆಟ್ ತೆರೆಯುತ್ತೇವೆ.

ವರದಿಯ ಕೊನೆಯ ಸಾಲಿನ ಜಿಯೋಮೀನ್ (ಎಲ್ಲ ಬೆಂಚ್‌ಮಾರ್ಕ್‌ಗಳ ಗುಣೋತ್ತರ ಸರಾಸರಿ) ಮೇಲೆ ನನಗೆ ಹೆಚ್ಚು ಭರವಸೆ ಇಲ್ಲ. 50 ಬೆಂಚ್‌ಮಾರ್ಕ್‌ಗಳಲ್ಲಿ ಒಂದು ಶೇ. 40ರಷ್ಟು ನಿಧಾನವಾಗಿ ಉಳಿದವು ಹಾಗೇ ಇದ್ದರೆ, ಜಿಯೋಮೀನ್ ಕದಲುವುದು ಶೇ. 0.7ಕ್ಕಿಂತ ಕಡಿಮೆ. ಆ ಒಂದು ಬೆಂಚ್‌ಮಾರ್ಕ್ ಲಾಗಿನ್ ದಾರಿಯದ್ದಾಗಿದ್ದರೆ ಬಳಕೆದಾರರಿಗೆ ತಟ್ಟುವುದು ಅದೇ. ಅದಕ್ಕೇ ನಮ್ಮ ವರದಿಯಲ್ಲಿ ಮೊದಲು ಬರುವುದು ಅತಿ ಹೆಚ್ಚು ಕೆಟ್ಟ ಐದು ಸಾಲು, ಪ್ರತಿ ಸಾಲಿನ ಪಕ್ಕದಲ್ಲಿ ಆ ಪ್ಯಾಕೇಜ್ ನೋಡಿಕೊಳ್ಳುವ ತಂಡದ ಹೆಸರು.

ಸರಾಸರಿಯನ್ನು ಮಾತ್ರ ಉಳಿಸಿಕೊಂಡು ಕಚ್ಚಾ ಔಟ್‌ಪುಟ್ ಎಸೆಯಬೇಡಿ. ಗೋ ಬೆಂಚ್‌ಮಾರ್ಕ್ ಫೈಲಿನ ತಲೆಯಲ್ಲಿ ‘ಹೆಸರು: ಮೌಲ್ಯ’ ರೂಪದ ಸಾಲುಗಳನ್ನು ನಾವೇ ಸೇರಿಸಬಹುದು, ಬೆಂಚ್‌ಸ್ಟ್ಯಾಟ್ ಅವನ್ನೂ ಓದುತ್ತದೆ. ಕಮಿಟ್, ಗೋ ಆವೃತ್ತಿ, ಕರ್ನಲ್, ಗವರ್ನರ್ ಎಲ್ಲವನ್ನೂ ಅಲ್ಲೇ ಬರೆಯುತ್ತೇವೆ. ಆರು ತಿಂಗಳ ನಂತರ ‘ಈ ಏರಿಕೆ ಕೋಡಿನದೋ, ಕಂಪೈಲರ್ ಬದಲಿಸಿದ್ದರದೋ’ ಎಂಬ ಪ್ರಶ್ನೆ ಬಂದಾಗ ಉತ್ತರ ಆ ಸಾಲುಗಳಲ್ಲೇ ಇರುತ್ತದೆ.

ನಮ್ಮಲ್ಲಿ ಪ್ರತಿ ರಾತ್ರಿ ಬೆಂಚ್‌ಮಾರ್ಕ್ ಓಡುತ್ತದೆ. ನಿನ್ನೆಯ ರಾತ್ರಿಯ ಫಲಿತಾಂಶದ ಜೊತೆ ಮಾತ್ರ ಹೋಲಿಸುತ್ತಾ ಹೋದರೆ ನಿಧಾನದ ಸವಕಳಿ ಕಣ್ಣಿಗೆ ಬೀಳದು. ಶೇ. 1ರಂತೆ 20 ಸಲ ಜಾರಿದರೆ ಒಟ್ಟು ಶೇ. 22. ಆದ್ದರಿಂದ ಪ್ರತಿ ರಾತ್ರಿಯ ವರದಿಗೆ ಎರಡು ಕಾಲಂ: ನಿನ್ನೆಯದು, ಹಿಂದಿನ ರಿಲೀಸಿನದು.

ಮರ್ಜ್ (ಹೊಸ ಕೋಡನ್ನು ಮುಖ್ಯ ಕೋಡಿಗೆ ಸೇರಿಸುವುದು) ತಡೆಯುವ ಅಧಿಕಾರವನ್ನು ಸಮಯದ ಅಂಕಿಗೆ ಕೊಟ್ಟಿಲ್ಲ, ಅಲೊಕೇಶನ್ (ಕೋಡ್ ಓಡುವಾಗ ಮೆಮೊರಿ ಪಡೆಯುವುದು) ಎಣಿಕೆಗೆ ಕೊಟ್ಟಿದ್ದೇವೆ. ಒಂದು ಆಪರೇಶನ್‌ಗೆ 3 ಅಲೊಕೇಶನ್ ಇದ್ದದ್ದು 4 ಆದರೆ ಮಶೀನ್ ಎಷ್ಟೇ ಗಲಾಟೆಯಲ್ಲಿದ್ದರೂ ಆ ಸಂಖ್ಯೆ ಸಾಮಾನ್ಯವಾಗಿ ಅಲುಗಾಡುವುದಿಲ್ಲ.

ಇನ್ನು, 0.3 ನ್ಯಾನೊಸೆಕೆಂಡ್ ಎಂಬ ಫಲಿತಾಂಶ ಕಂಡರೆ ಖುಷಿ ಪಡಬೇಡಿ. 3 ಗಿಗಾಹರ್ಟ್ಸ್ ಚಿಪ್‌ನಲ್ಲಿ ಅದು ಸುಮಾರು ಒಂದೇ ಕ್ಲಾಕ್ ಸೈಕಲ್. ಫಲಿತಾಂಶವನ್ನು ಯಾರೂ ಬಳಸುತ್ತಿಲ್ಲವೆಂದು ಕಂಪೈಲರ್ ನಿಮ್ಮ ಕೋಡನ್ನೇ ಕಿತ್ತುಹಾಕಿ ಖಾಲಿ ಲೂಪನ್ನು ಓಡಿಸಿದೆ. ಗೋ 1.24ರಲ್ಲಿ ಬಂದ ‘ಬಿ ಡಾಟ್ ಲೂಪ್’ (b.Loop) ಎಂಬ ಲೂಪ್ ವಿಧಾನ ಬಳಸಿದರೆ ಈ ಕಾಟ ತಪ್ಪುತ್ತದೆ, ಲೂಪಿಗೆ ಮುಂಚಿನ ತಯಾರಿಯ ಸಮಯವೂ ಲೆಕ್ಕಕ್ಕೆ ಬರುವುದಿಲ್ಲ.

ಬೆಂಚ್‌ಮಾರ್ಕಿನ ಒಳಗಿನ ಡೇಟಾ ಬದಲಿಸಿದರೆ ಹೆಸರನ್ನೂ ಬದಲಿಸಿ. ಹೆಸರು ಹಳೆಯದೇ ಉಳಿದರೆ ಗ್ರಾಫಿನಲ್ಲಿ ಒಂದು ಮೆಟ್ಟಿಲು ಕಾಣಿಸಿಕೊಂಡು, ಸಂಬಂಧವೇ ಇಲ್ಲದ ಕಮಿಟ್‌ನ ಹಿಂದೆ ಯಾರೋ ಒಂದು ದಿನ ಕಳೆಯುತ್ತಾರೆ. ಹಳೆಯದನ್ನೂ ಹೊಸದನ್ನೂ ಒಂದು ವಾರ ಜೊತೆಯಲ್ಲಿ ಓಡಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ.