ಮುಕ್ತಿನಾಥ ಬಿಟ್ಟು ಸೋನೌಲಿ ದಾರಿ ಹಿಡಿದದ್ದು

2025ರ ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮನ ಜೊತೆ ನೇಪಾಳಕ್ಕೆ ಹೋಗಿದ್ದೆ. ಕಾಠ್ಮಂಡುವಿನಲ್ಲಿ ಪಶುಪತಿನಾಥನ ದರ್ಶನ ಮುಗಿಸಿ ಪೋಖರಾಕ್ಕೆ ಬಂದಿದ್ದೆವು. ಅಲ್ಲಿಂದ ಬೆಟ್ಟದ ಮೇಲಿನ ಮುಕ್ತಿನಾಥ ದೇವಸ್ಥಾನ, ಆಮೇಲೆ ವಾಪಸ್ ಕಾಠ್ಮಂಡು, ಅಲ್ಲಿಂದ ವಿಮಾನ. ಲೆಕ್ಕ ಇಷ್ಟೇ ಇತ್ತು.

ಸೆಪ್ಟೆಂಬರ್ 4ರಂದು ಅಲ್ಲಿನ ಸರ್ಕಾರ ಫೇಸ್‌ಬುಕ್, ವಾಟ್ಸಾಪ್ ಸೇರಿದಂತೆ ನೋಂದಣಿ ಮಾಡಿಸಿಕೊಳ್ಳದ 26 ತಾಣಗಳನ್ನು ನಿಷೇಧಿಸಿತ್ತು. ವೈಬರ್ ಹಾಕ್ಕೊಳ್ಳಿ, ಅದು ನೋಂದಣಿ ಮಾಡಿಸಿಕೊಂಡಿದೆ, ನಡೆಯುತ್ತೆ ಅಂತ ಹೋಟೆಲ್‌ನವರು ಹೇಳಿದರು. ನಮಗೆ ಅದು ಬರೀ ಫೋನಿನ ತೊಂದರೆ. ಅಲ್ಲಿನ ಹುಡುಗರಿಗೆ ಹಾಗಲ್ಲ. ಭ್ರಷ್ಟಾಚಾರದ ಮೇಲಿನ ಸಿಟ್ಟು ಮೊದಲೇ ಕುದಿಯುತ್ತಿತ್ತು. 8ರಂದು ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು, ಒಂದೇ ದಿನ 19 ಜನ ಸತ್ತರು. ರಾತ್ರಿ ನಿಷೇಧ ತೆಗೆದರೂ ಏನೂ ತಣ್ಣಗಾಗಲಿಲ್ಲ. ಮರುದಿನ ಸಂಸತ್ ಭವನ, ಸರ್ಕಾರದ ಕಚೇರಿಗಳಿರುವ ಸಿಂಹ ದರ್ಬಾರ್, ಸುಪ್ರೀಂ ಕೋರ್ಟ್‌ಗೆ ಬೆಂಕಿ ಬಿತ್ತು. ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಕಾಠ್ಮಂಡು ವಿಮಾನ ನಿಲ್ದಾಣ ಮುಚ್ಚಿತು. ಪೋಖರಾದಲ್ಲೂ ಹೊಗೆ ಕಾಣಿಸಿತು, ಜೈಲಿನಿಂದ ಕೈದಿಗಳು ಓಡಿಹೋದ ಸುದ್ದಿ ಬಂತು.

ನಾನು ಮೊದಲು ಮಾಡಿದ ಕೆಲಸ ಅಂದರೆ ಎಲ್ಲಿಗೂ ಹೊರಡದೇ ಇದ್ದದ್ದು. ರಸ್ತೆ ಕಡೆಯ ರೂಮು ಬಿಟ್ಟು ಹಿಂದಿನ ರೂಮಿಗೆ ಹೋದೆವು. ಭಾರತದ ರಾಯಭಾರ ಕಚೇರಿಯ ಸಹಾಯವಾಣಿಗೆ ನಮ್ಮ ಹೆಸರು, ಪಾಸ್‌ಪೋರ್ಟ್ ನಂಬರ್, ಹೋಟೆಲ್ ವಿಳಾಸ ಕಳಿಸಿದೆ. ಇದ್ದಲ್ಲೇ ಇರಿ ಅಂದರು. ಬೆಂಗಳೂರಿನಿಂದ ಬರುವ ಫೋನುಗಳದ್ದೇ ಇನ್ನೊಂದು ಗಲಾಟೆ. ಟಿವಿಯಲ್ಲಿ ಉರಿಯುವ ಕಟ್ಟಡ ನೋಡಿದ ಪ್ರತಿಯೊಬ್ಬರೂ ಕರೆ ಮಾಡುತ್ತಿದ್ದರು. ತಮ್ಮನಿಗೆ ಮಾತ್ರ ಹೊತ್ತು ಹೊತ್ತಿಗೆ ಹೇಳ್ತೀನಿ, ಉಳಿದವರು ಅವನನ್ನೇ ಕೇಳಲಿ ಅಂದುಬಿಟ್ಟೆ. ಬ್ಯಾಟರಿಯೂ ಉಳಿಯಿತು, ತಲೆಯೂ ಉಳಿಯಿತು.

9ರ ರಾತ್ರಿ ಭದ್ರತೆಯನ್ನು ಸೇನೆ ಕೈಗೆ ತೆಗೆದುಕೊಂಡಿತು, ಕರ್ಫ್ಯೂ ಬಂತು. 10ರ ಸಂಜೆ ಕಾಠ್ಮಂಡು ವಿಮಾನ ನಿಲ್ದಾಣ ಮತ್ತೆ ತೆರೆಯಿತು. ಹಾಗಾದರೆ ಕಾಠ್ಮಂಡುವಿಗೇ ಹೋಗಬಹುದಿತ್ತಲ್ವಾ ಅಂತ ಈಗಲೂ ಕೇಳುತ್ತಾರೆ. ಟಿಕೆಟ್ ಅಲ್ಲಿಂದ ಇದೆ ಅನ್ನೋದು ಬಿಟ್ಟರೆ ಅಲ್ಲಿಗೆ ಹೋಗಲು ನಮಗೆ ಬೇರೆ ಕಾರಣವೇ ಇರಲಿಲ್ಲ. ಸುಮಾರು 200 ಕಿಲೋಮೀಟರ್ ರಸ್ತೆ, ಮುಂದೆ ಕರ್ಫ್ಯೂ ಇರುವ ಊರು, ಹಾರದೆ ಉಳಿದ ವಿಮಾನಗಳ ಜನವೆಲ್ಲ ಒಂದೇ ಕಡೆ. ಇನ್ನೊಂದು ಕಡೆ ಉತ್ತರ ಪ್ರದೇಶಕ್ಕೆ ದಾಟುವ ಸೋನೌಲಿ ಗಡಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇದ್ದರೆ ನಡೆದೇ ದಾಟಬಹುದು. ವಿಮಾನದಲ್ಲಿ ಬಂದವರು ವಿಮಾನದಲ್ಲೇ ಹೋಗಬೇಕು ಅಂತೇನಿಲ್ಲ. ಇದು ಗೊತ್ತಿದ್ದವರು ಕಮ್ಮಿ.

ಮನೆಯವರನ್ನು ಒಪ್ಪಿಸುವುದೇ ಕಷ್ಟವಾಯಿತು. ಅಮ್ಮನಿಗೆ ಮುಕ್ತಿನಾಥ ಬಹಳ ವರ್ಷದ ಆಸೆ. “ಇಷ್ಟು ದೂರ ಬಂದು ಹಾಗೇ ಹೋಗೋದಾ? ಮೇಲೆ ಬೆಟ್ಟದಲ್ಲಿ ಏನು ಗಲಾಟೆ ಇರುತ್ತೋ?” ಅಂದರು. ಮಾತು ಸುಳ್ಳಲ್ಲ. ಆದರೆ 3,700 ಮೀಟರ್ ಎತ್ತರದಲ್ಲಿ ಅಪ್ಪನಿಗೆ ಉಸಿರಾಟದ ತೊಂದರೆಯಾದರೆ ಕೆಳಗಿಳಿಸಲು ಗಾಡಿ ಸಿಗುತ್ತಾ, ಪೋಖರಾದಲ್ಲಿ ಆಸ್ಪತ್ರೆ ತಲುಪಲು ಬಿಡ್ತಾರಾ? ಅದನ್ನು ಕೇಳಿದ ಮೇಲೆ ಅಪ್ಪನೇ “ನಡಿ, ಹೊರಡೋಣ” ಅಂದರು.

ಡ್ರೈವರ್‌ನನ್ನು ಹೋಟೆಲ್ ಮಾಲೀಕರೇ ಗೊತ್ತು ಮಾಡಿದರು. ಅವನ ಊರು ಬುಟ್ವಲ್. ಎಲ್ಲಿ ಟೈರು ಸುಡುತ್ತಿದ್ದಾರೆ, ಎಲ್ಲಿ ಸೇನೆಯವರು ತಡೆಯುತ್ತಾರೆ ಅಂತ ಊರವರಿಗೆ ಫೋನ್ ಮಾಡಿ ತಿಳಿದುಕೊಳ್ಳುತ್ತಿದ್ದ. ಯಾವ ನಕ್ಷೆಯೂ ಹಾಗೆ ಹೇಳುವುದಿಲ್ಲ. ಬಾಡಿಗೆ ಮಾಮೂಲಿಗಿಂತ ಜಾಸ್ತಿ ಕೇಳಿದ, ಚೌಕಾಸಿ ಮಾಡಲಿಲ್ಲ. ನಗದೇ ಬೇಕು ಅಂದ. ನಮ್ಮ ನೂರರ ನೋಟುಗಳು ಅಲ್ಲಿ ನಡೆಯುತ್ತವೆ, ನೂರಕ್ಕೆ ಅವರ 160. ಹೊರಡುವಾಗ ಒಂದು ಕಟ್ಟು ನೂರರ ನೋಟು ಇಟ್ಟುಕೊಂಡದ್ದು ಆಗ ಕೆಲಸಕ್ಕೆ ಬಂತು.

ಕರ್ಫ್ಯೂ ಸಡಿಲವಾದ ಬೆಳಿಗ್ಗೆ ಹೊರಟು, ಸ್ಯಾಂಜಾ, ಪಾಲ್ಪಾ ಕಡೆಯ ತಿರುವಿನ ರಸ್ತೆಯಲ್ಲಿ ಇಳಿದೆವು. ತಪಾಸಣೆಯಲ್ಲಿ ಸೈನಿಕರು ಪಾಸ್‌ಪೋರ್ಟ್ ನೋಡಿ, ಅಪ್ಪನ ಮುಖ ನೋಡಿ, ಹೋಗಿ ಅಂದರು. ಗಡಿಯ ಈಚೆ ನಮ್ಮ ಗಡಿ ಕಾಯುವ ಎಸ್‌ಎಸ್‌ಬಿ ಜವಾನರೂ ಅಷ್ಟೇ, ಕಾಗದ ನೋಡಿ ಬಿಟ್ಟರು. ಗೋರಖಪುರದಿಂದ ಯಶವಂತಪುರಕ್ಕೆ ನೇರ ರೈಲಿದೆ, ಸೀಟು ಸಿಗಲಿಲ್ಲ. ದೆಹಲಿ ಮೇಲೆ ವಿಮಾನದಲ್ಲಿ ಬಂದೆವು.

ದುಡ್ಡಿನ ವಿಷಯ ಒಂದು ಹೇಳಬೇಕು. ಕಾಠ್ಮಂಡುವಿನ ಟಿಕೆಟನ್ನು ನಾನಾಗಿ ಕ್ಯಾನ್ಸಲ್ ಮಾಡಲಿಲ್ಲ. ನಾವೇ ರದ್ದು ಮಾಡಿದರೆ ಶುಲ್ಕ ಕಡಿಯುತ್ತಾರೆ. ಕಂಪನಿ ತಾನೇ ವಿಮಾನ ರದ್ದು ಮಾಡಿದರೆ ದುಡ್ಡು ವಾಪಸ್ ಕೇಳುವ ಹಕ್ಕು ನಮ್ಮದು. ಕಾದೆ, ಅವರೇ ರದ್ದು ಮಾಡಿದರು, ಪೂರ್ತಿ ಬಂತು. ವಿಮೆ ಮಾತ್ರ ಕೈಕೊಟ್ಟಿತು. ಗಲಭೆಯಿಂದ ಆದ ನಷ್ಟಕ್ಕೆ ಪರಿಹಾರ ಇಲ್ಲ ಅಂತ ಪಾಲಿಸಿಯ ಸಣ್ಣಕ್ಷರದಲ್ಲಿತ್ತು. ಮುಕ್ತಿನಾಥದ ಲಾಡ್ಜ್‌ನವರು ಮುಂಗಡ ವಾಪಸ್ ಕೊಡೋದಿಲ್ಲ, ಮುಂದೆ ಯಾವಾಗ ಬಂದರೂ ಲೆಕ್ಕಕ್ಕೆ ಹಿಡೀತೀವಿ ಅಂದಿದ್ದಾರೆ. ಅಮ್ಮ ಆಗಲೇ ಯಾವ ತಿಂಗಳು ಹೋಗೋಣ ಅಂತ ಕೇಳುತ್ತಿದ್ದಾರೆ.